ಡಿಶ್ಶೂ ನೆಟ್ಟೂ ಎರಡೂ ಇರುವ ಬಾಕ್ಸ್: ತುಮಕೂರು ಕಡೆ ಇದಕ್ಕೆ ಗಿರಾಕಿ ಇದ್ದಾರಾ?

ಗುಬ್ಬಿ ಅಂಗಡಿ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗುಬ್ಬಿಯಲ್ಲಿ ನನ್ನದು ಚಿಕ್ಕ ಅಂಗಡಿ. ಟಿವಿ, ಮಿಕ್ಸಿ, ಫ್ಯಾನ್ ಮಾರುತ್ತೇನೆ. ಡಿಶ್ ಹಾಕಿಸಿಕೊಡುವುದು, ರೀಚಾರ್ಜ್ ಮಾಡುವುದು ಕೂಡ ಇದೆ. ತುಮಕೂರಿನ ಡಿಸ್ಟ್ರಿಬ್ಯೂಟರ್ ಒಬ್ಬರು ಆಂಡ್ರಾಯ್ಡ್ ಸೆಟ್ ಟಾಪ್ ಬಾಕ್ಸ್ ಸ್ಟಾಕ್ ಇಟ್ಟುಕೊಳ್ಳಿ ಅಂತ ಬೆನ್ನು ಬಿದ್ದಿದ್ದಾರೆ. ಹಿಂದುಗಡೆ ಡಿಶ್ ವೈರ್ ಹಾಕಬೇಕು, ಜೊತೆಗೆ ಮನೆಯ ವೈಫೈ ಕೊಡಬೇಕು. ಇದಕ್ಕೆ ಹೈಬ್ರಿಡ್ ಬಾಕ್ಸ್ ಅಂತಾರೆ. ಜೀ ಕನ್ನಡ, ಉದಯ ಎಲ್ಲ ಡಿಶ್‌ನಿಂದ ಬರುತ್ತವೆ. ಯೂಟ್ಯೂಬ್, ಜಿಯೋಹಾಟ್‌ಸ್ಟಾರ್, ಜೀ5 ನೆಟ್‌ನಿಂದ.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅಂಗಡಿಗೆ ಬರುವವರೆಲ್ಲ ಸ್ಮಾರ್ಟ್ ಟಿವಿಯನ್ನೇ ಕೇಳುತ್ತಾರೆ. ಅದಿದ್ದ ಮೇಲೆ ಈ ಬಾಕ್ಸ್ ಯಾರಿಗೆ ಬೇಕು? ದುಡ್ಡು ಹಾಕಿ ತಂದಿಟ್ಟರೆ ಶೆಲ್ಫ್‌ನಲ್ಲೇ ಧೂಳು ಹಿಡಿಯುತ್ತದಾ? ಮನೆಯಲ್ಲಿ ಬಳಸುತ್ತಿರುವವರು, ಈ ಕಸುಬಿನಲ್ಲಿ ಇರುವವರು ಹೇಳಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಲೆಕ್ಕ ಬೇಡ, ನಮ್ಮ ತಾಲ್ಲೂಕುಗಳ ಲೆಕ್ಕ ಬೇಕು.

ಕ್ಯಾತ್ಸಂದ್ರ ಕ್ರಿಕೆಟ್ · ಶನಿವಾರ ರಾತ್ರಿ 9:52

ಬೇಡ ಅಣ್ಣ. ಈಗ 32 ಇಂಚಿನ ಟಿವಿಯೂ ಸ್ಮಾರ್ಟೇ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಕೂಡ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಟಿವಿಯೊಳಗೇ ಎಲ್ಲ ಇರುವಾಗ ಪಕ್ಕಕ್ಕೆ ಇನ್ನೊಂದು ಡಬ್ಬ ಯಾಕೆ?

ಶಿರಾ ಟೆಕ್ನೀಷಿಯನ್ · ಶನಿವಾರ ರಾತ್ರಿ 10:31

ಅಷ್ಟು ಬೇಗ ಬೇಡ ಅನ್ನಬೇಡಪ್ಪ. ನಾನು ಶಿರಾ, ಮಧುಗಿರಿ ಕಡೆ ಡಿಶ್ ಫಿಟ್ಟಿಂಗ್ ಮಾಡುವವನು. ಮನೆಯೊಳಗೆ ಹೋಗಿ ಟಿವಿ ಹಿಂದೆ ಕೈ ಹಾಕುವವನಿಗೆ ಬೇರೆಯೇ ಚಿತ್ರ ಕಾಣುತ್ತದೆ.

ಹತ್ತು ವರ್ಷದ ಹಿಂದೆ ತಗೊಂಡ ಎಲ್‌ಇಡಿ ಟಿವಿಗಳು ಇನ್ನೂ ಎಷ್ಟೋ ಮನೆಗಳಲ್ಲಿ ಗಟ್ಟಿಯಾಗಿವೆ. ಪಿಕ್ಚರ್ ಚೆನ್ನಾಗಿದೆ, ಎಚ್‌ಡಿಎಂಐ ಪೋರ್ಟ್ ಇದೆ, ನೆಟ್ ಒಂದಿಲ್ಲ. ಓಡುತ್ತಿರುವ ಟಿವಿಯನ್ನು ಯಾರೂ ಸುಮ್ನೆ ಎಸೆಯುವುದಿಲ್ಲ. ಅವರು ಒಂದು ತರದ ಗಿರಾಕಿ. ಇನ್ನೊಂದು ತರದವರು ಕಡಿಮೆ ಬೆಲೆಯ ಸ್ಮಾರ್ಟ್ ಟಿವಿ ತಗೊಂಡವರು. ಅದರಲ್ಲಿ ರ‍್ಯಾಮ್ 1 ಜಿಬಿ. ಮೊದಲ ವರ್ಷ ಜೋರಾಗಿ ಓಡುತ್ತದೆ. ಆಮೇಲೆ ಹಾಟ್‌ಸ್ಟಾರ್ ತೆರೆಯುವುದರೊಳಗೆ ಕಾಫಿ ಕುಡಿದು ಬರಬಹುದು. ಪರದೆಗೆ ಏನೂ ಆಗಿಲ್ಲ, ಒಳಗಿನ ಚಿಪ್ ಸಾಲುತ್ತಿಲ್ಲ ಅಷ್ಟೇ. ಇಬ್ಬರಿಗೂ ಬಾಕ್ಸ್ ಉಪಯೋಗಕ್ಕೆ ಬರುತ್ತದೆ.

ಬೆಲೆ ಹೇಗೆ ಇಳಿಯಿತು ಅಂತ ನೋಡಿ. ಏರ್‌ಟೆಲ್ 2017ರ ಏಪ್ರಿಲ್‌ನಲ್ಲಿ ಇಂಟರ್‌ನೆಟ್ ಟಿವಿ ಅಂತ ತಂದಾಗ 4,999 ರೂಪಾಯಿ. 2019ರ ಸೆಪ್ಟೆಂಬರ್‌ನಲ್ಲಿ ಎಕ್ಸ್‌ಸ್ಟ್ರೀಮ್ ಬಾಕ್ಸ್ ಬಂದಾಗ 3,999. ಮುಂದಿನ ತಿಂಗಳೇ ಡಿಶ್ ಟಿವಿ ಮತ್ತು ಡಿ2ಎಚ್ ಅದೇ ಬೆಲೆಗೆ ತಮ್ಮ ಬಾಕ್ಸ್ ಬಿಟ್ಟರು, ಹಳೇ ಗಿರಾಕಿಗೆ 2,499. ಟಾಟಾ ಸ್ಕೈ (ಈಗಿನ ಟಾಟಾ ಪ್ಲೇ) 2020ರ ಜನವರಿಯಲ್ಲಿ ಬಿಂಜ್ ಪ್ಲಸ್ ತಂದದ್ದು 5,999ಕ್ಕೆ. ಅದೇ ವರ್ಷ 3,999ಕ್ಕೆ ಇಳಿಸಬೇಕಾಯಿತು. ಆಗ ಮೂರು ಕಂಪನಿ ಒಂದೇ ಬೆಲೆಗೆ ಬಂದು ನಿಂತವು ಅಂದರೆ ಜನ ಅದಕ್ಕಿಂತ ಜಾಸ್ತಿ ಕೊಡಲ್ಲ ಅಂತ ಅರ್ಥ. ಈಗಂತೂ ಕನೆಕ್ಷನ್ ಜೊತೆ ಆಫರ್‌ನಲ್ಲಿ ಹೋಗುತ್ತದೆ.

ಅಲ್ಲಿಗೇ ನಿಮ್ಮ ಕಷ್ಟ ಶುರು. ಕಂಪನಿ ಆಫರ್ ಕೊಟ್ಟ ದಿನ ನೀವು ಹಳೇ ಬೆಲೆಗೆ ತಂದ ಬಾಕ್ಸ್ ನಿಮ್ಮ ತಲೆ ಮೇಲೆ. ಗಿರಾಕಿ ಇದ್ದಾನೆ ಅನ್ನುವುದು ಬೇರೆ ಮಾತು, ಸ್ಟಾಕ್ ಇಡಬೇಕಾ ಅನ್ನುವುದು ಬೇರೆ ಮಾತು.

ತಿಪಟೂರು ಮೇಷ್ಟ್ರು · ಭಾನುವಾರ ಬೆಳಿಗ್ಗೆ 6:15

ನಮ್ಮ ಮನೆಯಲ್ಲಿ ಈ ತರದ ಬಾಕ್ಸ್ ಇದೆ. ಸ್ಮಾರ್ಟ್ ಟಿವಿಯೂ ಇದೆ. ಆದರೂ ಬಾಕ್ಸ್ ಯಾಕೆ ಬೇಕಾಯಿತು ಅಂತ ಹೇಳುತ್ತೇನೆ.

ಮೊದಲು ಡಿಶ್ ಬಾಕ್ಸ್ ಎಚ್‌ಡಿಎಂಐ 1ರಲ್ಲಿ ಇತ್ತು. ಮೊಮ್ಮಕ್ಕಳು ಬಂದರೆ ಟಿವಿಯ ಯೂಟ್ಯೂಬ್‌ಗೆ ಹೋಗುತ್ತಿದ್ದರು. ನೋಡಿ ಮುಗಿದ ಮೇಲೆ ಅಲ್ಲೇ ಬಿಟ್ಟು ಓಡುತ್ತಿದ್ದರು. ಸಂಜೆ ನನ್ನ ಮನೆಯವರು ಧಾರಾವಾಹಿ ಹಾಕೋಣ ಅಂತ ಡಿಶ್ ರಿಮೋಟ್ ಒತ್ತಿದರೆ ಏನೂ ಆಗದು. ಟಿವಿ ರಿಮೋಟ್ ಹುಡುಕಬೇಕು, ಸೋರ್ಸ್ ಬಟನ್ ಒತ್ತಬೇಕು, ಎಚ್‌ಡಿಎಂಐ 1ಕ್ಕೆ ಬರಬೇಕು. ಒಮ್ಮೊಮ್ಮೆ ಎಚ್‌ಡಿಎಂಐ 2ಕ್ಕೆ ಹೋಗಿ ನೋ ಸಿಗ್ನಲ್ ಅಂತ ಬರುತ್ತಿತ್ತು. ಕೂಡಲೇ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್. ಅವನು ಆಫೀಸಿನಿಂದಲೇ ವಿಡಿಯೊ ಕಾಲ್‌ನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ.

ಈಗ ಒಂದೇ ರಿಮೋಟ್. ಮೊಮ್ಮಕ್ಕಳು ಎಲ್ಲಿ ಬಿಟ್ಟಿದ್ದರೂ ಒಂದು ಬಟನ್ ಒತ್ತಿದರೆ ಚಾನೆಲ್‌ಗೆ ವಾಪಸ್. ನಂಬರ್ ಹೊಡೆದರೆ ಜೀ ಕನ್ನಡ. ಇದಕ್ಕಾಗಿಯೇ ನಾನು ದುಡ್ಡು ಕೊಟ್ಟದ್ದು, 4ಕೆ ಗೀಕೆಗೆ ಅಲ್ಲ. ನಾವು ನೋಡುವ ಕನ್ನಡ ಚಾನೆಲ್ ಯಾವುದೂ 4ಕೆಯಲ್ಲಿ ಬರುವುದೂ ಇಲ್ಲ, ಹೆಚ್ಚೆಂದರೆ ಎಚ್‌ಡಿ.

ಒಂದು ತಕರಾರು ಇದೆ. ಆನ್ ಮಾಡಿದ ಕೂಡಲೇ ಮುಖಪುಟದಲ್ಲಿ ಯಾವ್ಯಾವುದೋ ಹಿಂದಿ ವೆಬ್ ಸೀರೀಸ್‌ಗಳ ಜಾಹೀರಾತು. ನಾನು ತಿಂಗಳಾ ತಿಂಗಳಾ ದುಡ್ಡು ಕಟ್ಟುವ ಚಾನೆಲ್‌ಗಿಂತ ಮೊದಲು ಅದನ್ನೇಕೆ ತೋರಿಸಬೇಕು?

ಕುಣಿಗಲ್ ಕೇಬಲ್ · ಭಾನುವಾರ ಬೆಳಿಗ್ಗೆ 8:03

ಯಾಕೆಂದರೆ ನಾಳೆ ಅವರ ದುಡ್ಡು ಬರುವುದು ಅಲ್ಲಿಂದ, ಮೇಷ್ಟ್ರೇ.

ನಾನು ಕೇಬಲ್ ಆಪರೇಟರ್. ಡಿಜಿಟಲ್ ಕಡ್ಡಾಯ ಆದಾಗ ಊರೆಲ್ಲ ಬಾಕ್ಸ್ ಹಂಚಿದವನು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಗಡುವು. ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್. ಹಳ್ಳಿಗಳಿಗೆ 2016ರ ಡಿಸೆಂಬರ್ ಅಂದಿದ್ದು 2017ರ ಮಾರ್ಚ್‌ಗೆ ಹೋಯಿತು. ಆಮೇಲೆ 2019ರ ಫೆಬ್ರುವರಿಯಲ್ಲಿ ಟ್ರಾಯ್ (ಟೆಲಿಕಾಂ, ಟಿವಿ ದರಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಹೊಸ ದರ ಬಂತು. ಒಂದೊಂದು ಚಾನೆಲ್‌ಗೂ ಒಂದೊಂದು ಬೆಲೆ. ಮನೆಮನೆಗೆ ಹೋಗಿ ಲಿಸ್ಟ್ ಬರೆಸಿಕೊಂಡು ಬಂದೆವು. ಅಷ್ಟರಲ್ಲಿ ಎಲ್ಲರ ಕೈಗೂ ಫೋನ್ ಬಂದಿತ್ತು.

ನಿಮ್ಮ ಡಿಸ್ಟ್ರಿಬ್ಯೂಟರ್ ಹೇಳದ ಒಂದು ವಿಷಯ ಹೇಳುತ್ತೇನೆ. ದುಡ್ಡು ಕಟ್ಟಿ ನೋಡುವ ಡಿಶ್ ಮನೆಗಳು ದೇಶದಲ್ಲಿ 2020ರ ಕೊನೆಗೆ ಸುಮಾರು 7 ಕೋಟಿ ಇದ್ದವು. 2025ರ ಮಾರ್ಚ್‌ಗೆ 6 ಕೋಟಿಗೂ ಕೆಳಗೆ ಬಂದಿವೆ. ಇದು ಟ್ರಾಯ್ ಲೆಕ್ಕ. ಕೇಬಲ್ ಕಥೆಯೂ ಚೆನ್ನಾಗಿಲ್ಲ ಬಿಡಿ, ನಾನೇ ಬಲ್ಲೆ. ಏರ್‌ಟೆಲ್ ಡಿಶ್ಶೂ ಟಾಟಾ ಪ್ಲೇಯೂ ಒಂದಾಗುವ ಮಾತುಕತೆ ನಡೆಸಿ 2025ರ ಮೇನಲ್ಲಿ ಕೈಬಿಟ್ಟವು. ವ್ಯಾಪಾರ ಬೆಳೆಯುತ್ತಿದ್ದರೆ ಇಂಥ ಮಾತುಕತೆ ಯಾಕೆ ಬರುತ್ತದೆ?

ಹಾಗಾಗಿ ಈ ಬಾಕ್ಸ್ ಹೊಸ ಗಿರಾಕಿ ಹುಡುಕಲು ಮಾಡಿದ್ದಲ್ಲ. ಇರುವ ಗಿರಾಕಿ ಓಡಿಹೋಗದಂತೆ ಹಿಡಿದುಕೊಳ್ಳಲು ಮಾಡಿದ್ದು. ನೆಟ್‌ನಲ್ಲಿ ನೋಡಬೇಕಾ, ನಮ್ಮ ಬಾಕ್ಸ್‌ನಲ್ಲೇ ನೋಡಿ, ಆ್ಯಪ್‌ಗಳ ದುಡ್ಡನ್ನೂ ನಮಗೇ ಕಟ್ಟಿ, ಆದರೆ ಡಿಶ್ ಬಿಡಬೇಡಿ. ಇಷ್ಟೇ ವಿಷಯ.

ಪಾವಗಡದಾಕೆ · ಭಾನುವಾರ ಬೆಳಿಗ್ಗೆ 10:20

ನೀವೆಲ್ಲ ಮನೆಗೆ ವೈಫೈ ಇದೆ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಊರು ಪಾವಗಡದಿಂದ ಒಳಗೆ. ಫೈಬರ್ ಪಂಚಾಯ್ತಿ ಆಫೀಸ್ ತನಕ ಬಂದಿದೆ, ನಮ್ಮ ಬೀದಿಗೆ ಬಂದಿಲ್ಲ. 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನಮ್ಮ ತಾಲ್ಲೂಕಲ್ಲೇ ಇದೆ, ಆದರೂ ಸಂಜೆ ಕರೆಂಟ್ ಹೋಗುವುದು ತಪ್ಪಿಲ್ಲ. ಅದು ಬೇರೆ ದುಃಖ.

ನಮ್ಮಲ್ಲಿ ನೆಟ್ ಅಂದರೆ ಫೋನ್ ಹಾಟ್‌ಸ್ಪಾಟ್. ದಿನಕ್ಕೆ ಒಂದೂವರೆ ಜಿಬಿ. ನಮ್ಮ ಮೈದುನ ಆಂಡ್ರಾಯ್ಡ್ ಬಾಕ್ಸ್ ತಂದು ಹಾಟ್‌ಸ್ಪಾಟ್‌ಗೆ ಕೊಟ್ಟ. ಸಿನಿಮಾ ಅರ್ಧಕ್ಕೂ ಬಂದಿರಲಿಲ್ಲ, ಡೇಟಾ ಖಾಲಿ ಅಂತ ಮೆಸೇಜ್ ಬಂತು. ಆಮೇಲೆ ಅದನ್ನು ಮಾಮೂಲಿ ಡಿಶ್ ಬಾಕ್ಸ್ ತರವೇ ನೋಡುತ್ತಿದ್ದೇವೆ. ಅಷ್ಟಕ್ಕೆ ಸಾದಾ ಬಾಕ್ಸೇ ಸಾಕಿತ್ತಲ್ವಾ?

ನಮ್ಮ ಅಕ್ಕಪಕ್ಕ ಜಾಸ್ತಿ ಇರುವುದು ಡಿಡಿ ಫ್ರೀ ಡಿಶ್. ಒಂದು ಸಲ ಹಾಕಿಸಿದರೆ ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಈಗ ಫ್ರೀ ಡಿಶ್ ಬಾಕ್ಸ್‌ನಲ್ಲೂ ಯುಎಸ್‌ಬಿಗೆ ಚಿಕ್ಕ ವೈಫೈ ಡಾಂಗಲ್ ಚುಚ್ಚಿದರೆ ಯೂಟ್ಯೂಬ್ ಬರುವಂಥದ್ದು ಸಂತೆಯಲ್ಲೇ ಸಿಗುತ್ತದೆ. ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ ಅಣ್ಣ.

ಶಿರಾ ಟೆಕ್ನೀಷಿಯನ್ · ಭಾನುವಾರ ಬೆಳಿಗ್ಗೆ 10:44

ಅಕ್ಕ ಹೇಳಿದ ಫ್ರೀ ಡಿಶ್ ಡಾಂಗಲ್ ಬಾಕ್ಸ್ ನಿಜಕ್ಕೂ ಓಡುತ್ತದೆ, ನಾನೇ ಮಾರಿದ್ದೇನೆ. ಆದರೆ ಯೂಟ್ಯೂಬ್‌ನವರು ಏನೋ ಬದಲಾಯಿಸಿದ ದಿನ ಅದರಲ್ಲಿ ವಿಡಿಯೊ ನಿಂತುಹೋಗುತ್ತದೆ. ಹೊಸ ಸಾಫ್ಟ್‌ವೇರ್ ಕೊಡುವವರು ಯಾರೂ ಇಲ್ಲ. ಕೆಲವಕ್ಕೆ ಪೆನ್‌ಡ್ರೈವ್‌ನಲ್ಲಿ ಹಾಕಬಹುದು, ಎಲ್ಲದಕ್ಕೂ ಆಗುವುದಿಲ್ಲ. ಮಾರುವಾಗಲೇ ಹೇಳಿಬಿಡಿ: ಚಾನೆಲ್‌ಗೆ ಗ್ಯಾರಂಟಿ, ಯೂಟ್ಯೂಬ್‌ಗೆ ಇಲ್ಲ.

ಡೇಟಾ ವಿಷಯ: ಎಚ್‌ಡಿಯಲ್ಲಿ ಒಂದು ಗಂಟೆ ನೋಡಿದರೆ 3 ಜಿಬಿ ತನಕ ಹೋಗಬಹುದು. ಫೈಬರ್ ಇಲ್ಲದ ಮನೆಗೆ ಆಂಡ್ರಾಯ್ಡ್ ಬಾಕ್ಸ್ ಕೊಡುವುದೇ ಬೇಡ. ನಾಳೆ ಬೈಗುಳ ತಿನ್ನುವವರು ನಾವೇ.

ಕ್ಯಾತ್ಸಂದ್ರ ಕ್ರಿಕೆಟ್ · ಭಾನುವಾರ ಬೆಳಿಗ್ಗೆ 11:30

ಒಂದು ವಿಷಯದಲ್ಲಿ ಡಿಶ್‌ಗೆ ನನ್ನ ಓಟು. ಐಪಿಎಲ್. 2023ರಲ್ಲಿ ಜಿಯೋಸಿನಿಮಾದಲ್ಲಿ ಫ್ರೀ ಬಂದಾಗ ನಾನು ಡಿಶ್ ರೀಚಾರ್ಜ್ ನಿಲ್ಲಿಸಿದ್ದೆ. ಬೌಲರ್ ಇನ್ನೂ ರನ್ ಅಪ್‌ನಲ್ಲಿ ಇರುತ್ತಾನೆ, ಎದುರು ಮನೆಯಿಂದ ಹೋ ಅಂತ ಕೂಗು. ಸಿಕ್ಸ್ ಅಂತ ಗೊತ್ತಾದ ಮೇಲೆ ನೋಡುವುದರಲ್ಲಿ ಏನಿದೆ? ಎದುರು ಮನೆಯವರದು ಹಳೇ ಕೇಬಲ್. ನನ್ನದು ನೂರು ಎಂಬಿಪಿಎಸ್ ಫೈಬರ್.

ಮಧುಗಿರಿ ಟ್ಯೂನರ್ · ಭಾನುವಾರ ಮಧ್ಯಾಹ್ನ 12:55

ಇದಕ್ಕೆ ನಿಮ್ಮ ಸ್ಪೀಡ್ ಕಾರಣವಲ್ಲ. ನಾನು ಮಧುಗಿರಿಯವನು, ಬೆಂಗಳೂರಿನಲ್ಲಿ ಇಂಥ ಬಾಕ್ಸ್‌ಗಳಿಗೇ ಸಾಫ್ಟ್‌ವೇರ್ ಬರೆಯುವ ಕೆಲಸ. ನೆಟ್‌ನಲ್ಲಿ ಲೈವ್ ಬರುವಾಗ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡು ತುಂಡಾಗಿ ಕತ್ತರಿಸುತ್ತಾರೆ. ತುಂಡು ಪೂರ್ತಿ ಸಿದ್ಧವಾದ ಮೇಲೇ ಹೊರಡುವುದು. ನಿಮ್ಮ ಆ್ಯಪ್ ಅಂಥ ಒಂದೆರಡು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ, ನಡುವೆ ನಿಲ್ಲಬಾರದು ಅಂತ. ಎಲ್ಲ ಸೇರಿ ಹತ್ತಿಪ್ಪತ್ತು ಸೆಕೆಂಡ್, ಕೆಲವೊಮ್ಮೆ ಇನ್ನೂ ಜಾಸ್ತಿ ತಡ. ಡಿಶ್‌ನಲ್ಲೂ ತಡ ಇದೆ, ಸಿಗ್ನಲ್ 36,000 ಕಿಲೋಮೀಟರ್ ಮೇಲೆ ಹೋಗಿ ಬರಬೇಕು. ಆದರೆ ಆ ಹೋಗಿಬರುವ ಹೊತ್ತು ಕಾಲು ಸೆಕೆಂಡ್ ಅಷ್ಟೇ.

ಇನ್ನೊಂದು ವ್ಯತ್ಯಾಸ ನೋಡಿ. ಉಪಗ್ರಹದಿಂದ ಒಂದೇ ಸಿಗ್ನಲ್. ನೂರು ಮನೆ ನೋಡಿದರೂ ಅಷ್ಟೇ, ಕೋಟಿ ಮನೆ ನೋಡಿದರೂ ಅಷ್ಟೇ. ನೆಟ್‌ನಲ್ಲಿ ಪ್ರತಿ ಮನೆಗೂ ಬೇರೆ ಬೇರೆ ಕಳಿಸಬೇಕು. ಎಲ್ಲರೂ ಒಟ್ಟಿಗೆ ನೋಡುವ ಮ್ಯಾಚು, ಸುದ್ದಿ, ಏಳು ಗಂಟೆಯ ಧಾರಾವಾಹಿಗೆ ಡಿಶ್ ಒಳ್ಳೆಯದು. ಅವರವರಿಗೆ ಬೇಕಾದಾಗ ನೋಡುವುದಕ್ಕೆ ನೆಟ್. ಎರಡನ್ನೂ ಒಂದೇ ಬಾಕ್ಸ್‌ಗೆ ತರುವ ಯೋಚನೆ ಹುಟ್ಟಿದ್ದೇ ಹೀಗೆ.

ಯುರೋಪಿನಲ್ಲಿ ಇದನ್ನು ಬೇರೆ ದಾರಿಯಲ್ಲಿ ಮಾಡಿದರು. ಎಚ್‌ಬಿಬಿಟಿವಿ ಅಂತ ಒಂದು ಸ್ಟ್ಯಾಂಡರ್ಡ್, 2010ರಲ್ಲಿ ಬಂತು. ಜರ್ಮನಿ, ಫ್ರಾನ್ಸ್ ಕಡೆ ಚೆನ್ನಾಗಿ ಹಬ್ಬಿತು. ಅಲ್ಲಿ ಚಾನೆಲ್‌ನ ಸಿಗ್ನಲ್ ಜೊತೆಗೇ ಒಂದು ವೆಬ್ ವಿಳಾಸ ಬರುತ್ತದೆ. ರಿಮೋಟ್‌ನ ಕೆಂಪು ಬಟನ್ ಒತ್ತಿದರೆ ಅದೇ ಚಾನೆಲ್‌ನ ತಪ್ಪಿಹೋದ ಕಂತು ನೆಟ್‌ನಿಂದ ತೆರೆದುಕೊಳ್ಳುತ್ತದೆ. ಯಾವ ಕಂಪನಿಯ ಟಿವಿ ಆದರೂ ಸರಿ. ಬ್ರಿಟನ್‌ನಲ್ಲಿ 2012ರಲ್ಲಿ ಯೂವ್ಯೂ, 2015ರಲ್ಲಿ ಫ್ರೀವ್ಯೂ ಪ್ಲೇ ಬಂದವು. ಗೈಡ್‌ನಲ್ಲಿ ಹಿಂದಕ್ಕೆ ಹೋಗಿ ನಿನ್ನೆಯ ಕಾರ್ಯಕ್ರಮ ಒತ್ತಿದರೆ ನೆಟ್‌ನಿಂದ ಬರುತ್ತದೆ. ನೋಡುವವನಿಗೆ ಯಾವುದು ಆಂಟೆನಾ, ಯಾವುದು ನೆಟ್ ಅಂತ ತಿಳಿಯಬೇಕಾಗಿಯೇ ಇಲ್ಲ.

ನಮ್ಮ ಬಾಕ್ಸ್‌ಗಳದು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಡಿಶ್ ಕಡೆ ಬೇರೆ ಮೆನು, ಆಂಡ್ರಾಯ್ಡ್ ಕಡೆ ಬೇರೆ ಮೆನು. ಜೀ ಕನ್ನಡದಲ್ಲಿ ನಿನ್ನೆ ತಪ್ಪಿದ ಕಂತು ಬೇಕು ಅಂದರೆ ಚಾನೆಲ್ ಬಿಟ್ಟು ಜೀ5 ಆ್ಯಪ್‌ಗೆ ಹೋಗಿ ಹುಡುಕಬೇಕು. ಚಾನೆಲ್‌ಗೆ ಈಗಾಗಲೇ ಕೊಟ್ಟ ದುಡ್ಡು ಅಲ್ಲಿ ಲೆಕ್ಕಕ್ಕಿಲ್ಲ, ಮತ್ತೆ ಚಂದಾ ಕೇಳಬಹುದು.

ತಿಪಟೂರು ಮೇಷ್ಟ್ರು · ಭಾನುವಾರ ಮಧ್ಯಾಹ್ನ 1:20

ಈ ಕೆಂಪು ಬಟನ್ ನಮ್ಮ ರಿಮೋಟ್‌ನಲ್ಲೂ ಇದೆ. ಒತ್ತಿದರೆ ಏನೂ ಆಗುವುದಿಲ್ಲ.

ಚಿಂತಾಮಣಿ ಎರಡು ಟಿವಿ · ಭಾನುವಾರ ಮಧ್ಯಾಹ್ನ 3:05

ತಿಂಗಳ ಖರ್ಚಿನ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮ ಚಿಂತಾಮಣಿ ಕಡೆ ಪ್ರತಿ ಮನೆಗೂ ಎರಡು ಭಾಷೆ. ಅಮ್ಮನಿಗೆ ತೆಲುಗು, ನಮಗೆ ಕನ್ನಡ. ಟ್ರಾಯ್‌ನ ಹಳೇ ಲೆಕ್ಕದಲ್ಲಿ ಕನೆಕ್ಷನ್‌ಗೇ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಚಾನೆಲ್. ಒಂದು 19 ರೂಪಾಯಿ ಚಾನೆಲ್‌ಗೆ ತೆರಿಗೆ ಸೇರಿದರೆ 22 ರೂಪಾಯಿ 42 ಪೈಸೆ. ಅಂಥ ನಾಲ್ಕು ಕನ್ನಡ, ನಾಲ್ಕು ತೆಲುಗು ಅಂದರೆ ಎಲ್ಲ ಸೇರಿ 330 ದಾಟಿತು. 2024ರ ಜುಲೈನಲ್ಲಿ ಆ 130ರ ಮಿತಿಯನ್ನೂ ತೆಗೆದರು. ಈಗ ಕಂಪನಿಗೆ ಎಷ್ಟು ಬೇಕೋ ಅಷ್ಟು ಇಡಬಹುದು.

ಇದರ ಮೇಲೆ ಫೈಬರ್ ಬಿಲ್. ಅದರ ಮೇಲೆ ಆ್ಯಪ್ ಚಂದಾ. ಎರಡನೇ ಟಿವಿಗೆ ಇನ್ನೊಂದು ಬಾಕ್ಸ್, ಇನ್ನೊಂದು ಕನೆಕ್ಷನ್ ಚಾರ್ಜ್. ನಾವು ಕೊನೆಗೆ ಹಾಲ್‌ನ ಟಿವಿಗೆ ಮಾತ್ರ ಡಿಶ್ ಇಟ್ಟುಕೊಂಡೆವು. ರೂಮಿನ ಟಿವಿಗೆ ಬರೀ ನೆಟ್. ಹೈಬ್ರಿಡ್ ಆದದ್ದು ಬಾಕ್ಸ್ ಅಲ್ಲ, ನಮ್ಮ ಮನೆ!

ಕುಣಿಗಲ್ ಕೇಬಲ್ · ಭಾನುವಾರ ಸಂಜೆ 5:40

ಚಿಂತಾಮಣಿಯವರ ಮಾತು ಸರಿ, ಎಲ್ಲ ಕಡೆ ಹೀಗೇ ಆಗುತ್ತಿದೆ. ಮುಂದಿನ ಹೆಜ್ಜೆಯೂ ಶುರುವಾಗಿದೆ. ಬಿಎಸ್‌ಎನ್‌ಎಲ್ 2024ರ ಕೊನೆಗೆ ತನ್ನ ಫೈಬರ್ ಗಿರಾಕಿಗಳಿಗೆ ಟಿವಿ ಚಾನೆಲ್ ಕೊಡಲು ಶುರು ಮಾಡಿತು. ಏರ್‌ಟೆಲ್ 2025ರ ಮಾರ್ಚ್‌ನಲ್ಲಿ 2,000 ಊರುಗಳಲ್ಲಿ ಐಪಿಟಿವಿ ಅಂತ ತಂದಿತು. ಅಂದರೆ ಚಾನೆಲ್ ಕೂಡ ಫೈಬರ್‌ನಲ್ಲೇ. ಡಿಶ್ಶೂ ಇಲ್ಲ, ಮಹಡಿ ಮೇಲೆ ವೈರೂ ಇಲ್ಲ. ಡಿಶ್ ಮಾರುವ ಕಂಪನಿಯೇ ಡಿಶ್ ಇಲ್ಲದ ಟಿವಿ ಮಾರುತ್ತಿದೆ. ನೀವು ಸ್ಟಾಕ್ ಇಡಬೇಕು ಅಂತಿರುವ ಬಾಕ್ಸ್‌ನ ಹಿಂದಿನ ಆ ಡಿಶ್ ಪೋರ್ಟ್ ಇನ್ನು ಎಷ್ಟು ದಿನ?

ನಮ್ಮಂಥ ಎಷ್ಟೋ ಆಪರೇಟರ್‌ಗಳು ಬಿಎಸ್‌ಎನ್‌ಎಲ್ ಫೈಬರ್‌ಗೆ ಪಾರ್ಟ್‌ನರ್ ಆಗಿದ್ದೇವೆ. ಕಂಬ ನಮ್ಮದೇ, ಹುಡುಗರು ನಮ್ಮವರೇ, ಮೊದಲು ಎಳೆದದ್ದು ಕೋಆಕ್ಸ್ ಅನ್ನುವ ಹಳೇ ಕೇಬಲ್ ವೈರ್, ಈಗ ಎಳೆಯುವುದು ಫೈಬರ್.

ಶಿರಾ ಟೆಕ್ನೀಷಿಯನ್ · ಭಾನುವಾರ ಸಂಜೆ 6:02

ಅಣ್ಣ, ಕುಣಿಗಲ್ ಪೇಟೆಯೊಳಗೆ ಸರಿ. ಶಿರಾದಿಂದ ಆಚೆ ಹತ್ತು ಕಿಲೋಮೀಟರ್ ಹೋಗಿ ನೋಡಿ. ಒಂದೊಂದು ತೋಟದ ಮನೆಗೆ ಫೈಬರ್ ಎಳೆದು ನಿಮಗೆ ಗಿಟ್ಟುತ್ತದಾ? ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಸಲ ಬಂದರೆ ಮೂರು ದಿನ ನೆಟ್ ಇಲ್ಲ. ಡಿಶ್‌ಗೆ ಯಾವ ಜೆಸಿಬಿಯೂ ಅಡ್ಡ ಬರಲ್ಲ.

ಕುಣಿಗಲ್ ಕೇಬಲ್ · ಭಾನುವಾರ ಸಂಜೆ 6:10

ಜೆಸಿಬಿ ಬೇಕಿಲ್ಲ, ಜೋರು ಮಳೆ ಸಾಕು. ಡಿಶ್‌ಗೆ ಬರುವುದು ಕೆಯು ಬ್ಯಾಂಡ್, 11–12 ಗಿಗಾಹರ್ಟ್ಸ್. ದಪ್ಪ ಮಳೆ ಬಂದರೆ ಹನಿಗಳೇ ಸಿಗ್ನಲ್ ನುಂಗಿಬಿಡುತ್ತವೆ. ನಮ್ಮ ಕಂಟ್ರೋಲ್ ರೂಮಿನ ದೊಡ್ಡ ಡಿಶ್‌ಗಳು ಸಿ ಬ್ಯಾಂಡ್, ಸುಮಾರು 4 ಗಿಗಾಹರ್ಟ್ಸ್. ಮಳೆಗೆ ಅಷ್ಟು ಹೆದರುವುದಿಲ್ಲ. ನಿಮ್ಮ ಗಿರಾಕಿಗಳು ಮಳೆಗಾಲದಲ್ಲಿ ನಮ್ಮ ಗಿರಾಕಿಗಳ ಮನೆಗೆ ಬಂದು ಟಿವಿ ನೋಡುತ್ತಿದ್ದರು, ಮರೆತಿರಾ?

ಶಿರಾ ಟೆಕ್ನೀಷಿಯನ್ · ಭಾನುವಾರ ಸಂಜೆ 6:14

ಶಿರಾದಲ್ಲಿ ಮಳೆ ಎಲ್ಲಿದೆ ಸ್ವಾಮಿ!

ಗುಬ್ಬಿ ಅಂಗಡಿ · ಭಾನುವಾರ ರಾತ್ರಿ 9:25

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ವಿಷಯ ಬರುತ್ತದೆ ಅಂದುಕೊಂಡಿರಲಿಲ್ಲ. ಎರಡು ಪ್ರಶ್ನೆ ಉಳಿದಿವೆ.

ಒಂದು: ಯಾವ ಕಂಪನಿಯದೂ ಅಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬಹಳ ಕಡಿಮೆಗೆ ಸಿಗುತ್ತವೆ. ಡಿಶ್ ಪೋರ್ಟ್ ಇಲ್ಲ, ಬರೀ ನೆಟ್. ಹಳೇ ಟಿವಿಯವರಿಗೆ ಅದನ್ನೇ ಕೊಟ್ಟರೆ?

ಎರಡು: ಗಿರಾಕಿ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ಹಳೇ ಹೈಬ್ರಿಡ್ ಬಾಕ್ಸ್ ಅಲ್ಲಿ ನಡೆಯುತ್ತದಾ? ಇದನ್ನು ಬಹಳ ಜನ ಕೇಳುತ್ತಾರೆ.

ಮಧುಗಿರಿ ಟ್ಯೂನರ್ · ಭಾನುವಾರ ರಾತ್ರಿ 10:48

ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ: ಮಾರಬೇಡಿ. ನೆಟ್‌ಫ್ಲಿಕ್ಸ್, ಪ್ರೈಮ್ ತರದ ಆ್ಯಪ್‌ಗಳು ಎಚ್‌ಡಿ ಕೊಡಬೇಕಾದರೆ ಬಾಕ್ಸ್‌ನ ಚಿಪ್‌ನಲ್ಲೇ ವೈಡ್‌ವೈನ್ ಎಲ್1 ಅನ್ನುವ ಭದ್ರತೆ ಇರಬೇಕು. ಆ ಅಗ್ಗದ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ರಟ್ಟಿನ ಮೇಲೆ 8ಕೆ ಅಂತ ಬರೆದಿರುತ್ತದೆ, ಸಿನಿಮಾ ಬರುವುದು ಹಳೇ ಡಿವಿಡಿ ಮಟ್ಟದಲ್ಲಿ. ಅದಕ್ಕಿಂತ ದೊಡ್ಡ ತೊಂದರೆ, ಕೆಲವು ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದಲೇ ವೈರಸ್ ಬಂದಿರುತ್ತದೆ. ಬ್ಯಾಡ್‌ಬಾಕ್ಸ್ ಅಂತ ಅದರ ಹೆಸರು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಗಿರಾಕಿಯ ಮನೆಯ ವೈಫೈಯನ್ನೇ ಕಳ್ಳರು ತಮ್ಮ ಕೆಲಸಕ್ಕೆ ಬಳಸಿಕೊಳ್ಳುತ್ತಾರೆ. ಅದೇ ವೈಫೈನಲ್ಲಿ ಅವರ ಫೋನ್‌ಪೇ ಕೂಡ ಇರುತ್ತದೆ ಅನ್ನುವುದು ನೆನಪಿರಲಿ. ಬರೀ ನೆಟ್ ಸಾಕು ಅನ್ನುವವರಿಗೆ ಟಿವಿಯ ಎಚ್‌ಡಿಎಂಐಗೆ ಚುಚ್ಚುವ, ಹೆಸರಿರುವ ಕಂಪನಿಯ ಸ್ಟಿಕ್ ಕೊಡಿ.

ಎರಡನೆಯದು: ನಡೆಯುವುದಿಲ್ಲ. ಪ್ರತಿ ಕಂಪನಿಯೂ ತನ್ನ ಚಾನೆಲ್‌ಗಳಿಗೆ ತನ್ನದೇ ಬೀಗ ಹಾಕಿರುತ್ತದೆ. ಆ ಬೀಗದ ಕೈ ಕಾರ್ಡ್‌ನಲ್ಲೋ ಚಿಪ್‌ನಲ್ಲೋ ಇರುತ್ತದೆ. ಯಾವ ಕಂಪನಿಗಾದರೂ ಹೊಂದುವ ಬಾಕ್ಸ್ ಬರಬೇಕು ಅಂತ ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಅಂಗಡಿಯಲ್ಲಿ ಅಂಥ ಬಾಕ್ಸ್ ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಕಂಪನಿ ಬಿಟ್ಟರೆ ಬಾಕ್ಸ್‌ನ ಡಿಶ್ ಅರ್ಧ ಸತ್ತ ಹಾಗೆ. ನೆಟ್ ಅರ್ಧ ಓಡುತ್ತದೋ ಇಲ್ಲವೋ ಅನ್ನುವುದು ಕಂಪನಿಯ ಮರ್ಜಿ. ಇದನ್ನು ಕೇಳಿ, ಸಾಧ್ಯವಾದರೆ ಬರೆಸಿಕೊಂಡು ಮಾರಿ.

ಮೂರನೆಯದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಈ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ 2 ಜಿಬಿ ರ‍್ಯಾಮ್, 8 ಜಿಬಿ ಜಾಗ ಇರುತ್ತದೆ. ಅದರಲ್ಲಿ ಅರ್ಧದಷ್ಟು ಆಂಡ್ರಾಯ್ಡೇ ತಿನ್ನುತ್ತದೆ. ಆ್ಯಪ್‌ಗಳು ವರ್ಷ ವರ್ಷ ದಪ್ಪ ಆಗುತ್ತವೆ, ಬಾಕ್ಸ್ ಆಗುವುದಿಲ್ಲ. ಡಿಶ್ ಸಿಗ್ನಲ್ ಹಿಡಿಯುವ ಟ್ಯೂನರ್ ಹತ್ತು ವರ್ಷ ಬಾಳುತ್ತದೆ, ಆಂಡ್ರಾಯ್ಡ್ ನಾಲ್ಕೈದು ವರ್ಷಕ್ಕೆ ಮುದಿ.

ಮಾಡರೇಟರ್ · ಸೋಮವಾರ ಬೆಳಿಗ್ಗೆ 9:00

ಒಂದು ಕಂಪನಿಯ ಕಸ್ಟಮರ್ ಕೇರ್ ಬಗ್ಗೆ ಬಂದ ನಾಲ್ಕು ಬೈಗುಳದ ಕಾಮೆಂಟ್ ತೆಗೆದಿದ್ದೇವೆ. ಸಿಟ್ಟು ಅರ್ಥವಾಗುತ್ತದೆ. ಸಿಬ್ಬಂದಿಯ ಫೋನ್ ನಂಬರ್ ಹಾಕಬೇಡಿ.

ಪಾವಗಡದಾಕೆ · ಸೋಮವಾರ ಬೆಳಿಗ್ಗೆ 11:15

ಗುಬ್ಬಿ ಅಣ್ಣ, ಮಾರುವುದು ಬಿಡಿ, ಕೆಟ್ಟಾಗ ಯಾರು ಬರುತ್ತಾರೆ ಅನ್ನುವುದನ್ನೂ ಯೋಚಿಸಿ. ನಮ್ಮ ಬಾಕ್ಸ್‌ನಲ್ಲಿ ಒಂದು ಆ್ಯಪ್ ತೆರೆಯುತ್ತಿರಲಿಲ್ಲ. ಡಿಶ್ ಕಂಪನಿಗೆ ಫೋನ್ ಮಾಡಿದರೆ ಆ್ಯಪ್‌ನವರನ್ನು ಕೇಳಿ ಅಂದರು. ಆ್ಯಪ್‌ನವರಿಗೆ ಬರೆದರೆ ನಿಮ್ಮ ನೆಟ್ ನೋಡಿಸಿ ಅಂದರು. ನೆಟ್ ಸಿಮ್‌ನದು, ಅವರು ಟವರ್ ಅಂದರು. ಅಂಗಡಿಯವರು ಫೋನೇ ಎತ್ತಲಿಲ್ಲ. ಮಾಮೂಲಿ ಡಿಶ್ ಆಗಿದ್ದರೆ ಕೇಳಲು ಒಬ್ಬರೇ ಇರುತ್ತಿದ್ದರು.

ಶಿರಾ ಟೆಕ್ನೀಷಿಯನ್ · ಸೋಮವಾರ ಮಧ್ಯಾಹ್ನ 2:30

ಅಕ್ಕ ಹೇಳಿದ್ದು ನೂರಕ್ಕೆ ನೂರು. ನನಗೆ ಬರುವ ಕಂಪ್ಲೇಂಟ್‌ಗಳಲ್ಲಿ ಬಾಕ್ಸ್ ಕೆಟ್ಟಿರುವುದು ಕಡಿಮೆ. ರೌಟರ್ ಹಜಾರದಲ್ಲಿ, ಟಿವಿ ನಡುಮನೆಯಲ್ಲಿ, ಮಧ್ಯೆ ಹಳೇ ಕಾಲದ ಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ವೈಫೈ ಆ ಗೋಡೆ ದಾಟುವುದಿಲ್ಲ. 2.4ಕ್ಕೆ ಹಾಕಿದರೆ ದಾಟುತ್ತದೆ, ಸ್ಪೀಡ್ ಕಡಿಮೆ. ಬಾಕ್ಸ್‌ಗೆ ಲ್ಯಾನ್ ಪೋರ್ಟ್ ಇದ್ದರೆ ನಾನು ಸೀದಾ ವೈರ್ ಎಳೆದುಬಿಡುತ್ತೇನೆ. ಅದೊಂದರಿಂದಲೇ ಅರ್ಧ ದೂರು ಮಾಯ. ಕರೆಂಟ್ ಹೋದಾಗ ಟಿವಿ ಇನ್‌ವರ್ಟರ್‌ನಲ್ಲಿ ಇರುತ್ತದೆ, ರೌಟರ್ ಬೇರೆ ಪ್ಲಗ್‌ನಲ್ಲಿ ಸತ್ತಿರುತ್ತದೆ. ಗಿರಾಕಿ ಬಾಕ್ಸ್ ಸರಿ ಇಲ್ಲ ಅನ್ನುತ್ತಾನೆ. ರೌಟರ್‌ಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಸಿಗುತ್ತದೆ, ಅದನ್ನು ಜೊತೆಗೇ ಮಾರಿ. ಬಾಕ್ಸ್‌ಗಿಂತ ಅದು ಬೇಗ ಖರ್ಚಾಗುತ್ತದೆ, ಬರೆದಿಟ್ಟುಕೊಳ್ಳಿ.

ಗುಬ್ಬಿ ಅಂಗಡಿ · ಮಂಗಳವಾರ ರಾತ್ರಿ 9:10

ಡಿಸ್ಟ್ರಿಬ್ಯೂಟರ್‌ಗೆ ಹೇಳಿದೆ, ಸ್ಟಾಕ್ ಬೇಡ, ಅಂಗಡಿಯಲ್ಲಿ ತೋರಿಸಲು ಒಂದು ಪೀಸ್ ಕೊಡಿ, ಆರ್ಡರ್ ಬಂದರೆ ತರಿಸಿಕೊಳ್ಳುತ್ತೇನೆ ಅಂತ. ಮುಖ ಸಪ್ಪೆ ಮಾಡಿಕೊಂಡರು, ಒಪ್ಪಿದರು. ಗಿರಾಕಿಗೆ ಮೊದಲು ಕೇಳುವುದು ಟಿವಿ ಯಾವುದು ಅಂತ ಅಲ್ಲ, ಮನೆಗೆ ಫೈಬರ್ ಇದೆಯಾ ಅಂತ. ಇಲ್ಲ ಅಂದರೆ ಸಾದಾ ಬಾಕ್ಸ್ ಇಲ್ಲವೇ ಫ್ರೀ ಡಿಶ್. ಇದ್ದರೆ, ಟಿವಿ ಹಳೇದಾದರೆ, ಮನೆಯಲ್ಲಿ ದೊಡ್ಡವರಿದ್ದರೆ ಈ ಬಾಕ್ಸ್ ತೋರಿಸುತ್ತೇನೆ. ರೌಟರ್ ಯುಪಿಎಸ್‌ಗೆ ಮಾತ್ರ ಧೈರ್ಯವಾಗಿ ಆರ್ಡರ್ ಹಾಕಿದ್ದೇನೆ.

ತಿಪಟೂರು ಮೇಷ್ಟ್ರು · ಬುಧವಾರ ಬೆಳಿಗ್ಗೆ 6:05

ನಮ್ಮ ಬಾಕ್ಸ್ ರಿಮೋಟ್‌ನಲ್ಲಿ 7ನೇ ನಂಬರ್ ಒತ್ತಿದರೆ ಹೋಗುತ್ತಿಲ್ಲ. ಬ್ಲೂಟೂತ್ ರಿಮೋಟ್ ಅಂತೆ. ತಿಪಟೂರಿನ ಅಂಗಡಿಯಲ್ಲಿ ಸಿಗುವ ನೂರೈವತ್ತು ರೂಪಾಯಿಯದು ಹೊಂದುತ್ತದಾ?

ಶಿರಾ ಟೆಕ್ನೀಷಿಯನ್ · ಬುಧವಾರ ಬೆಳಿಗ್ಗೆ 7:40

ಅದರಿಂದ ಚಾನೆಲ್ ಬದಲಾಗಬಹುದು ಮೇಷ್ಟ್ರೇ, ಬಾಯಲ್ಲಿ ಹೇಳಿ ಹುಡುಕುವುದು ನಡೆಯಲ್ಲ. ತಗೊಳ್ಳುವಾಗ ಹಳೇ ರಿಮೋಟ್ ಜೊತೆಗೆ ತಗೊಂಡು ಹೋಗಿ. ಅದಕ್ಕೂ ಮೊದಲು ಸೆಲ್ ಬದಲಾಯಿಸಿ ನೋಡಿ, ಬ್ಯಾಟರಿ ಕೂರುವ ಕಡೆ ಹಸಿರು ಪಾಚಿ ಕಟ್ಟಿದ್ದರೆ ಒರೆಸಿ. ಆಗಲೂ 7 ಹೋಗದಿದ್ದರೆ ಒಳಗಿನ ರಬ್ಬರ್ ಸವೆದಿದೆ, ಹೊಸದೇ ತಗೊಳ್ಳಬೇಕು.